ಭಾಷಣ ಕೇಳಿದ ಮೇಲೂ ಎಲೆಗೆ ಬೆಂಕಿ

ಬೆಂಗಳೂರು ದಕ್ಷಿಣದ ಬಡಾವಣೆಯೊಂದರ ನಿವಾಸಿಗಳ ಸಂಘದಿಂದ ಬಂದ ಪತ್ರದ ಸಾರ: "ಪಾರ್ಕಿನ ಮಾಲಿಗಳು, ರಸ್ತೆ ಗುಡಿಸುವ ಪೌರಕಾರ್ಮಿಕರು ಮತ್ತು ಪಿಯು ವಿದ್ಯಾರ್ಥಿಗಳನ್ನು ಸೇರಿಸಿ ಒಂದು ಭಾನುವಾರ ಗೊಬ್ಬರ ಹಾಗೂ ಗಿಡಗಳ ಆರೈಕೆ ಬಗ್ಗೆ ಶಿಬಿರ ಮಾಡಿದೆವು. ಸ್ಲೈಡ್ ತೋರಿಸಿ, ಊಟ ಹಾಕಿಸಿ, ಪ್ರಮಾಣಪತ್ರ ಕೊಟ್ಟೆವು. ವಾರದೊಳಗೆ ಪಾರ್ಕಿನ ಮೂಲೆಯಲ್ಲಿ ಮತ್ತೆ ಎಲೆ ಸುಡುತ್ತಿದ್ದಾರೆ. ಕೊಂಡು ತಂದ ಕಾಂಪೋಸ್ಟ್ ಡ್ರಮ್ ನಾರುತ್ತಿದೆ. ಎರಡನೇ ಶಿಬಿರಕ್ಕೆ ಪಠ್ಯಕ್ರಮ ಸೂಚಿಸುವಿರಾ?"

ಮಾನ್ಯರೇ,

ಮೊದಲು ಬೆಂಕಿಯ ವಿಚಾರ. ಎಲೆ ಸುಡಬಾರದು ಎಂಬುದು ಗುಡಿಸುವವರಿಗೆ ತಿಳಿಯದ ಸಂಗತಿಯೇನಲ್ಲ. ಗುಡಿಸಿದ್ದನ್ನು ಹಾಕಲು ಜಾಗವಿಲ್ಲ, ಕಸದ ಆಟೋದವರು ಒಣ ಎಲೆಯ ಮೂಟೆ ಹೇರಿಕೊಳ್ಳಲು ಒಪ್ಪುವುದಿಲ್ಲ, ಮೇಸ್ತ್ರಿ ಸುತ್ತು ಬರುವ ಹೊತ್ತಿಗೆ ರಸ್ತೆ ಚೊಕ್ಕವಾಗಿರಬೇಕು. ಇಷ್ಟಿದ್ದ ಮೇಲೆ ಕಡ್ಡಿ ಗೀರದೆ ಇನ್ನೇನು ಮಾಡಿಯಾರು? ಹಾಗಾಗಿ ಪಾಠಕ್ಕಿಂತ ಮುಂಚೆ ಎಲೆ ಹಾಕಲು ಗೂಡು ಕಟ್ಟಿಸಿ. ನಾಲ್ಕು ಅಡಿ ಎತ್ತರದ ತಂತಿ ಜಾಲರಿ 13 ಅಡಿ ತಂದರೆ ನಾಲ್ಕು ಅಡಿ ಅಗಲದ ದುಂಡನೆ ಗೂಡು ಆಗುತ್ತದೆ. ಅಂಚುಗಳನ್ನು ತುಸು ಒಂದರ ಮೇಲೊಂದು ತಂದು ತಂತಿಯಿಂದ ಬಿಗಿದರೆ ಸಾಕು. ತಳ ಮಣ್ಣೇ ಇರಲಿ, ಸಿಮೆಂಟ್ ಬೇಡ. ಇದಕ್ಕಿಂತ ತೀರಾ ಚಿಕ್ಕದಾದರೆ ರಾಶಿಯೊಳಗೆ ಶಾಖ ನಿಲ್ಲದು. ಪಾರ್ಕಿನ ಹಿಂದಿನ ಮೂಲೆಗೆ ತಳ್ಳಬೇಡಿ. ಗುಡಿಸುವವರ ತಳ್ಳುಗಾಡಿ ಹೋಗುವ ದಾರಿಯಲ್ಲೇ ಇರಲಿ.

ಇನ್ನು ಶಿಬಿರ. ಎಲೆ ಗೊಬ್ಬರವಾಗಲು ಎರಡು-ಮೂರು ತಿಂಗಳು ಬೇಕು, ನೀವು ಕೊಟ್ಟದ್ದು ಒಂದು ದಿನ. ರಾಶಿ ಕೆಡುವುದು, ನಾರುವುದು, ತಣ್ಣಗಾಗುವುದು ಎಲ್ಲ ಆಮೇಲೆ. ಆಗ ಕೇಳಲು ಅಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ತರಗತಿಯ ದಿನಗಳನ್ನು ರಾಶಿಯೇ ನಿರ್ಧರಿಸಲಿ: ಕಟ್ಟುವ ದಿನ, ನಾಲ್ಕನೇ ದಿನ, ಹನ್ನೆರಡನೇ ದಿನ, ತಿಂಗಳಿಗೊಮ್ಮೆ, ಕೊನೆಗೆ ಜರಡಿ ಹಿಡಿಯುವ ದಿನ. ಒಂದೊಂದಕ್ಕೂ ಒಂದು ಗಂಟೆ ಸಾಕು.

ಕಟ್ಟುವ ದಿನ ಒಂದು ಅಡಿ ಒಣ ಎಲೆ, ಅದರ ಮೇಲೆ ಎರಡು-ಮೂರು ಇಂಚು ಕತ್ತರಿಸಿದ ಹಸಿ ಹುಲ್ಲು, ಮೇಲೊಂದು ಬಕೆಟ್ ಸಗಣಿ ಬಗ್ಗಡ, ಒಂದು ಬೊಗಸೆ ಹಳೆಯ ಗೊಬ್ಬರ. ಗೂಡು ತುಂಬುವವರೆಗೆ ಇದೇ ಕ್ರಮ. ಪ್ರತಿ ಪದರಕ್ಕೂ ನೀರು ಚಿಮುಕಿಸಬೇಕು. ಹಿಡಿ ಎಲೆಯನ್ನು ಬಿಗಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು. ಧಾರೆಯಾಗಿ ಇಳಿದರೆ ಹೆಚ್ಚಾಯಿತು. ನಾಲ್ಕನೇ ದಿನ ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿ, ಐದು ನಿಮಿಷ ಬಿಟ್ಟು ಎಳೆದು ಮುಟ್ಟಲಿ. ಹಿಡಿದುಕೊಳ್ಳಲಾಗದಷ್ಟು ಬಿಸಿಯಿದ್ದರೆ ಸರಿ. ಬಿಸಿಯಿಲ್ಲದೆ ಇರುವೆ ಓಡಾಡುತ್ತಿದ್ದರೆ ನೀರು ಸಾಲದು. ಮೂಗಿಗೆ ಅಡರುವ ಘಾಟು ಬಂದರೆ ಹಸಿರು ಜಾಸ್ತಿ, ಒಣ ಎಲೆ ಬೆರೆಸಬೇಕು. ಕೊಳೆತ ಮೊಟ್ಟೆಯ ವಾಸನೆಯಾದರೆ ಗಾಳಿಯಿಲ್ಲ, ನೀರು ನಿಂತಿದೆ. ಪೂರ್ತಿ ಕೆಡವಿ ಮತ್ತೆ ಕಟ್ಟಬೇಕು. ಹನ್ನೆರಡನೇ ದಿನ ಮಗುಚುವಾಗ ಹೊರಗಿನದು ಒಳಕ್ಕೆ, ಒಳಗಿನದು ಹೊರಕ್ಕೆ. ಮಳೆಮರ, ಗುಲ್‌ಮೊಹರ್ ಎಲೆ ಬೇಗ ಕರಗುತ್ತದೆ. ಮಾವು, ಹಲಸಿನ ಎಲೆಯನ್ನು ಬೇರೆ ಗೂಡಿಗೆ ಹಾಕಿ. ಅದು ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ, ನೋಡಿದವರು "ಈ ವಿಧಾನ ಆಗಿಬರಲಿಲ್ಲ" ಎಂದುಬಿಡುತ್ತಾರೆ.

ನಿಮ್ಮ ಡ್ರಮ್ಮಿನ ದುರ್ನಾತಕ್ಕೂ ಇದೇ ಮದ್ದು. ಅಡುಗೆಮನೆ ಕಸವನ್ನು ಒಣ ಎಲೆಯಿಲ್ಲದೆ ತುಂಬಿ ಮುಚ್ಚಳ ಹಾಕಿದ್ದೀರಿ ಎಂದು ನಮ್ಮ ಊಹೆ. ಒಂದು ಬಕೆಟ್ ಹಸಿ ಕಸಕ್ಕೆ ಒಂದರಿಂದ ಎರಡು ಬಕೆಟ್ ಪುಡಿ ಎಲೆ ಬೆರೆಸಿ, ತಳದ ನಲ್ಲಿ ಕಟ್ಟಿಕೊಂಡಿದೆಯೇ ನೋಡಿ.

ಮೂರೂ ಗುಂಪನ್ನು ಒಂದೇ ಸಭಾಂಗಣದಲ್ಲಿ ಕೂರಿಸಿದ್ದು ನಮಗೆ ಸರಿಕಾಣಲಿಲ್ಲ. ಪೌರಕಾರ್ಮಿಕರಿಗೆ ಭಾನುವಾರ ಬೇಡವೇ ಬೇಡ. ಕೆಲಸದ ದಿನವೇ, ಮಸ್ಟರಿಂಗ್ (ಹಾಜರಿ) ಆದ ಕೂಡಲೇ, ಸಂಬಳದ ವೇಳೆಯಲ್ಲೇ ನಡೆಸಿ. ತಿಂಡಿ ಕೊಡಿ, ಗ್ಲೌಸ್ ಕೊಡಿ. ಮೇಸ್ತ್ರಿಯನ್ನು ಕರೆಯಲೇಬೇಕು, ಅವರು ಒಪ್ಪದಿದ್ದರೆ ಮಾರನೇ ದಿನವೇ ಮತ್ತೆ ಹೊಗೆ. ಬೆಂಗಳೂರಿನ ಪೌರಕಾರ್ಮಿಕರಲ್ಲಿ ತೆಲುಗು ಮನೆಮಾತಿನವರು ಬಹಳ. ಹೇಳಿಕೊಡುವವರಿಗೆ ತೆಲುಗು ಬಂದರೆ ಅರ್ಧ ಕೆಲಸ ಸಲೀಸು.

ಮಾಲಿಗಳಿಗೆ ಗೊಬ್ಬರದ ಜತೆ ಎರಡು ವಿಷಯ ಸಾಕು. ಒಂದು, ಸಿಕೇಟರ್ ಅಂದರೆ ರೆಂಬೆ ಸವರುವ ಕತ್ತರಿಯ ಬಳಕೆ: ಹೊರಮುಖವಾದ ಮೊಗ್ಗಿನಿಂದ ಕಾಲು ಇಂಚು ಮೇಲೆ, ಓರೆಯಾಗಿ ಕತ್ತರಿಸುವುದು, ರೋಗದ ಗಿಡ ಮುಟ್ಟಿದ ಮೇಲೆ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸುವುದು. ಇನ್ನೊಂದು, ಕೀಟನಾಶಕ ಔಷಧಿ ಡಬ್ಬದ ಮೇಲಿನ ತ್ರಿಕೋನ. ಕೆಂಪು ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಹಸಿರು. ಓದು ಬಾರದವರಿಗೂ ಈ ಬಣ್ಣ ಸಾಕು. ಪಾರ್ಕಿನಲ್ಲಿ ಮಕ್ಕಳು ಆಡುತ್ತಾರೆ, ಕೆಂಪು-ಹಳದಿಯ ಡಬ್ಬ ಅಲ್ಲಿಗೆ ಬರಲೇಬಾರದು. ಹಿಟ್ಟುತಿಗಣೆಗೆ ಬೇವಿನೆಣ್ಣೆ ಸಾಲದೇ? ಲೀಟರ್ ನೀರಿಗೆ 5 ಮಿಲಿ ಎಣ್ಣೆ, 1-2 ಮಿಲಿ ದ್ರವ ಸೋಪು. ಎಣ್ಣೆಗೆ ಮೊದಲು ಸೋಪು ಬೆರೆಸಿ ಆಮೇಲೆ ನೀರಿಗೆ ಹಾಕಬೇಕು. ತಿರುವುಮುರುವಾದರೆ ಎಣ್ಣೆ ತೇಲಿ, ಕೊನೆಯ ಗಿಡಗಳಿಗಷ್ಟೇ ಬಿದ್ದು ಎಲೆ ಸುಡುತ್ತದೆ. ಸಂಜೆಯೇ ಹೊಡೆಯಬೇಕು.

ವಿದ್ಯಾರ್ಥಿಗಳನ್ನು ಫೆಬ್ರವರಿ-ಮಾರ್ಚಿನಲ್ಲಿ ಕರೆಯಬೇಡಿ, ಪರೀಕ್ಷೆಯ ಕಾಲ. ಎಲೆ ಉದುರುವುದೂ ಆಗಲೇ, ಅಂದರೆ ರಾಶಿ ಕಟ್ಟುವುದು ಮಾಲಿಗಳದೂ ಗುಡಿಸುವವರದೂ ಆಗುತ್ತದೆ. ಹುಡುಗರು ಏಪ್ರಿಲ್-ಮೇನಲ್ಲಿ ಬಂದು ಮಗುಚಲಿ, ಜರಡಿ ಹಿಡಿಯಲಿ, ಜೂನ್ ಮಳೆಗೆ ಗೂಟಿ ಕಟ್ಟುವುದನ್ನು, ಅಂದರೆ ಗಿಡದಲ್ಲಿರುವಾಗಲೇ ರೆಂಬೆಗೆ ಬೇರು ಬರಿಸುವುದನ್ನು ಕಲಿಯಲಿ. ಪೆನ್ಸಿಲ್ ದಪ್ಪದ ಸೀಬೆ ಅಥವಾ ದಾಳಿಂಬೆ ರೆಂಬೆ. ಒಂದು ಇಂಚು ಸಿಪ್ಪೆಯನ್ನು ಉಂಗುರದಂತೆ ತೆಗೆದು, ಒಳಗಿನ ಜಾರುವ ಪದರವನ್ನು ಚಾಕುವಿನಿಂದ ಕೆರೆಯಬೇಕು. ಈ ಕೆರೆತವನ್ನು ಬಿಟ್ಟರೆ ಸಿಪ್ಪೆ ಮತ್ತೆ ಕೂಡಿಕೊಂಡು ಬೇರೇ ಬರುವುದಿಲ್ಲ. ಹೊಸಬರ ಗೂಟಿ ವಿಫಲವಾಗುವುದು ಬಹುಪಾಲು ಇಲ್ಲೇ. ನೆನೆಸಿ ಹಿಂಡಿದ ಪಾಚಿ (ಸ್ಫ್ಯಾಗ್ನಮ್ ಮಾಸ್) ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿದರೆ ಆರರಿಂದ ಎಂಟು ವಾರದಲ್ಲಿ ಬೇರು ಕಾಣುತ್ತದೆ. ಕತ್ತರಿಸಿದ ಮೇಲೆ ಅರ್ಧ ಎಲೆ ತೆಗೆದು ಎರಡು ವಾರ ನೆರಳಲ್ಲಿಡಲಿ.

ಪ್ರಮಾಣಪತ್ರದ ಬಗ್ಗೆ ಕೇಳಿಲ್ಲವಾದರೂ ಒಂದು ಮಾತು. ಸಂಘ ಅಚ್ಚು ಹಾಕಿಸಿದ ಕಾಗದದಿಂದ ಮಾಲಿಯ ಸಂಬಳ ಏರದು. ಕೇಂದ್ರದ ಕೌಶಲ ಯೋಜನೆಯಲ್ಲಿ, ಕೆಲಸ ಮಾಡುತ್ತಲೇ ಕಲಿತವರ ಅನುಭವವನ್ನು ಪರೀಕ್ಷಿಸಿ ಮಾನ್ಯ ಮಾಡುವ ಆರ್‌ಪಿಎಲ್ ಎಂಬ ದಾರಿಯಿದೆ, ಗಾರ್ಡನರ್ ಹುದ್ದೆಗೂ ಮಾನದಂಡವಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ರೈತರ ಮಕ್ಕಳಿಗೆ ತೋಟಗಾರಿಕೆ ಇಲಾಖೆಯ ಹತ್ತು ತಿಂಗಳ ತರಬೇತಿ ಇದೆ. ಅರ್ಜಿ ಕರೆದಾಗ ನಿಮ್ಮ ಮಾಲಿಗಳಿಗೆ, ಅವರ ಮಕ್ಕಳಿಗೆ ತಿಳಿಸಿ, ಅರ್ಜಿ ತುಂಬಿಕೊಡಿ.

ಜಾಲರಿ ಕೊಳ್ಳುವ ಮುನ್ನ ಪಾರ್ಕ್ ಪಾಲಿಕೆಯದಾಗಿದ್ದರೆ ಅದರ ತೋಟಗಾರಿಕೆ ವಿಭಾಗದಿಂದ ಲಿಖಿತ ಅನುಮತಿ ಪಡೆಯಿರಿ, ಗೂಡುಗಳ ಸ್ಥಳವನ್ನು ನಕ್ಷೆಯಲ್ಲೇ ಗುರುತಿಸಿಕೊಡಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗವಾದ ದಿನವೇ ಮುಗಿಯುತ್ತದೆ.

— ಸಂ.