ಶಿಕ್ಷೆ ಮುಗಿಸಿ ಬಂದವರು ಅಮೆರಿಕದಲ್ಲಿ ಗನ್ ಇಟ್ಟುಕೊಳ್ಳಬಹುದಾ?

ಜೈಲಿಂದ ಹೊರಗೆ ಬಂದವನಿಗೂ ಅಲ್ಲಿ ಗನ್ ಸಿಗುತ್ತಾ, ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆನಾ ಅಂತ ಕೇಳಿದ್ದೀರಿ. ಬೇರೆ ಬೇರೆಯೇ. ಆದರೆ ಅವೆಲ್ಲದರ ಮೇಲೆ ಇಡೀ ದೇಶಕ್ಕೆ ಒಂದು ಫೆಡರಲ್ ಕಾನೂನಿದೆ. ಎಡವಟ್ಟಾಗೋದು ಅಲ್ಲೇ.

ನಾನಿರುವ ಟೆಕ್ಸಸ್ಸನ್ನೇ ನೋಡಿ. ಫೆಲನಿ, ಅಂದರೆ ದೊಡ್ಡ ಅಪರಾಧ ಸಾಬೀತಾದವನು ಜೈಲು, ಪೆರೋಲ್ ಎಲ್ಲ ಮುಗಿದು 5 ವರ್ಷದವರೆಗೆ ಗನ್ ಮುಟ್ಟುವ ಹಾಗಿಲ್ಲ. ಆಮೇಲೆ ತಾನು ವಾಸ ಮಾಡುವ ಮನೆಯಲ್ಲಿ ಇಟ್ಟುಕೊಂಡರೆ ರಾಜ್ಯದ ತಕರಾರಿಲ್ಲ. (ನಮ್ಮ ದೇಶದ 1959ರ ಆರ್ಮ್ಸ್ ಆ್ಯಕ್ಟ್‌ನಲ್ಲೂ ಹೊಡೆದಾಟ ಬಡಿದಾಟದಂಥ ಕೇಸಲ್ಲಿ ಜೈಲಾದವರಿಗೆ ಶಿಕ್ಷೆ ಮುಗಿದ ಮೇಲೆ 5 ವರ್ಷದ ತಡೆ ಇದೆ. ಅದು ಕಳೆದರೂ ಲೈಸೆನ್ಸ್ ಬೇಕೇ ಬೇಕು ಅನ್ನಿ.) ಫೆಡರಲ್ ಕಾನೂನಿನಲ್ಲಿ ಇಂಥ ಗಡುವೇ ಇಲ್ಲ. ಫೆಲನಿ ಆಗಿದ್ದರೆ, ಕ್ಷಮಾದಾನದಂಥದ್ದು ಸಿಗದ ಹೊರತು, ನಿಷೇಧ ಜೀವನಪೂರ್ತಿ. ರಾಜ್ಯದ ಪೊಲೀಸರು ಸುಮ್ಮನಿದ್ದರೂ ಫೆಡರಲ್ ಕೇಸು ಬೀಳಬಹುದು. 2022ರ ತಿದ್ದುಪಡಿ ಆದಮೇಲೆ ಶಿಕ್ಷೆ 15 ವರ್ಷದವರೆಗೂ ಹೋಗುತ್ತದೆ.

ಅಂಗಡಿಯಲ್ಲಿ ಗನ್ ಕೊಳ್ಳಲು 4473 ಅನ್ನುವ ಫಾರಂ ತುಂಬಬೇಕು. ಅದರಲ್ಲೊಂದು ಪ್ರಶ್ನೆ ಚೆನ್ನಾಗಿದೆ. ಎಷ್ಟು ದಿನ ಜೈಲಲ್ಲಿದ್ದೆ ಅಂತ ಅದು ಕೇಳುವುದಿಲ್ಲ. ಜಡ್ಜ್ ಮನಸ್ಸು ಮಾಡಿದ್ದರೆ ಒಂದು ವರ್ಷಕ್ಕಿಂತ ಜಾಸ್ತಿ ಹಾಕಬಹುದಾಗಿದ್ದ ಅಪರಾಧವಾ ಅಂತ ಕೇಳುತ್ತದೆ. ಜೈಲಿಗೆ ಹಾಕದೆ ಬರೀ ಪ್ರೊಬೇಷನ್ ಮೇಲೆ, ಅಂದರೆ ಅಧಿಕಾರಿಯ ನಿಗಾದಲ್ಲಿ ಹೊರಗೆ ಬಿಟ್ಟಿದ್ದರೂ ಉತ್ತರ ಹೌದು ಅಂತಲೇ ಆಗಬಹುದು. ಸುಳ್ಳು ಬರೆದರೆ ಅದೇ ಇನ್ನೊಂದು ಅಪರಾಧ.

ಕ್ಯಾಲಿಫೋರ್ನಿಯಾದ್ದು ಇನ್ನೂ ಬಿಗಿ. ಅಲ್ಲಿ ಮಿಸ್‌ಡಿಮೀನರ್ ಅನ್ನುವ ಚಿಕ್ಕ ಕೇಸಿಗೂ, ಉದಾಹರಣೆಗೆ ಯಾರಿಗೋ ಹೊಡೆದಿದ್ದಕ್ಕೂ, 10 ವರ್ಷ ಗನ್ ಇಲ್ಲ. ಹೆಂಡತಿಗೋ ಗಂಡನಿಗೋ ಹೊಡೆದು 2019ರಿಂದೀಚೆಗೆ ಶಿಕ್ಷೆಯಾಗಿದ್ದರೆ ಜೀವನಪೂರ್ತಿ ಇಲ್ಲ. ಆದರೆ ನನಗೆ ಮುಖ್ಯ ಅನಿಸಿದ್ದು ಬೇರೆ. ನಿಷೇಧ ಅಂತ ಬರೆದುಬಿಡೋದು ಸುಲಭ. ಆಗಲೇ ಮನೆಯಲ್ಲಿರುವ ಗನ್ನನ್ನು ಯಾರು ಹೋಗಿ ತರಬೇಕು? 2016ರಲ್ಲಿ ಅಲ್ಲಿನ ಮತದಾರರು ಒಪ್ಪಿದ ಕಾನೂನಿನ ಪ್ರಕಾರ, ಶಿಕ್ಷೆಯಾದವನು ಗನ್ ಒಪ್ಪಿಸಿದನಾ ಅಂತ ಪ್ರೊಬೇಷನ್ ಅಧಿಕಾರಿ ಪರಿಶೀಲಿಸಿ ಕೋರ್ಟಿಗೆ ವರದಿ ಕೊಡಬೇಕು. ನಿಷೇಧವಿದ್ದೂ ಗನ್ ಇಟ್ಟುಕೊಂಡವರ ಪಟ್ಟಿಯೇ ರಾಜ್ಯದ ಬಳಿ ಇದೆ. ಅದನ್ನು ಹಿಡಿದುಕೊಂಡು ಏಜೆಂಟರು ಮನೆ ಬಾಗಿಲಿಗೆ ಹೋಗುತ್ತಾರೆ. ಪಟ್ಟಿ ಕರಗೋದು ನಿಧಾನ, ಆದರೂ ನನಗೆ ಸರಿ ಅನಿಸೋದು ಇದೇ ದಾರಿ. ಟೆಕ್ಸಸ್‌ನಲ್ಲಿ ಇಬ್ಬರು ಪರಿಚಯದವರು ತಮ್ಮತಮ್ಮಲ್ಲೇ ಮಾರಿಕೊಂಡರೆ ಹಿನ್ನೆಲೆ ತಪಾಸಣೆಯೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೂ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಹೋಗಬೇಕು.

ಅಂದ ಹಾಗೆ, ಇಲ್ಲಿಗೆ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಬರುವ ನಮ್ಮವರಿಗೆ ಒಂದು ಮಾತು: ಯಾವ ಕೇಸೂ ಇಲ್ಲದಿದ್ದರೂ ನಿಮಗೆ ಗನ್ ಕೊಳ್ಳಲು ಅವಕಾಶವಿಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ.