ಮಗನಿಗೆ ಮೂರು ಹೆಸರು ಹೇಳುತ್ತಾರೆ, ಯಾವುದನ್ನು ನಂಬಲಿ?

ಪ್ರಶ್ನೆ: ನಮ್ಮದು ಶಹಾಪುರ ತಾಲೂಕು. ಮಗನಿಗೆ ಮೂರು ವರ್ಷ, ಇನ್ನೂ ಮಾತು ಬಂದಿಲ್ಲ. ಹೆಸರು ಹಿಡಿದು ಕರೆದರೆ ತಿರುಗಲ್ಲ. ಆದರೆ ರೊಟ್ಟಿ ಬಡಿಯೋ ಸದ್ದು ಕೇಳಿದರೆ ಒಳಗೆ ಓಡಿ ಬರುತ್ತಾನೆ. ಕಲಬುರಗಿಯಲ್ಲಿ ಒಬ್ಬ ಡಾಕ್ಟರು ಎಎಸ್‌ಡಿ ಅಂದರು, ಇನ್ನೊಬ್ಬರು ಚೀಟಿಯಲ್ಲಿ ಪಿಡಿಡಿ ಅಂತ ಬರೆದರು. ನೆಂಟರೊಬ್ಬರು ಆಸ್ಪರ್ಜರ್ ಅಂತಾರೆ. ‘ಅವನಪ್ಪನೂ ತಡವಾಗೇ ಮಾತಾಡಿದ್ದ, ಸುಮ್ನಿರು’ ಅನ್ನೋದು ನಮ್ಮತ್ತೆ ಮಾತು. ಏನು ಮಾಡಲಿ?

ಉತ್ತರ: ಗಾಬರಿಯಾಗಬೇಡಿ ತಾಯಿ. ಇವು ಮೂರು ಬೇರೆ ಬೇರೆ ಕಾಯಿಲೆ ಅಲ್ಲ. ಪಿಡಿಡಿ, ಆಸ್ಪರ್ಜರ್ ಹಳೆಯ ಹೆಸರುಗಳು. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ವೈದ್ಯರ ಕೈಪಿಡಿ ಇವನ್ನು ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್, ಅಂದರೆ ಎಎಸ್‌ಡಿ ಎಂಬ ಒಂದೇ ಹೆಸರಿನಡಿ ತಂದಿತು. ಆಟಿಸಂ ಅಂದರೆ ಮಗು ಬೇರೆಯವರೊಂದಿಗೆ ಮಾತಾಡುವ, ಬೆರೆಯುವ ರೀತಿ ಬೇರೆ ಥರ ಬೆಳೆಯುವ ಸ್ಥಿತಿ. ರೂಢಿಯಿಂದ ಕೆಲವರು ಈಗಲೂ ಹಳೆಯದನ್ನೇ ಬರೆಯುತ್ತಾರೆ. ಆಸ್ಪರ್ಜರ್ ಅನ್ನುತ್ತಿದ್ದುದು ಮಾತು ತಡವಾಗದ ಮಕ್ಕಳಿಗೆ, ನಿಮ್ಮ ಮಗನಿಗೆ ಅದು ಹೊಂದುವುದೂ ಇಲ್ಲ. ಮುಂದೆ ಯಾರಾದರೂ ‘ಲೆವೆಲ್ 2’ ಅಂತ ಬರೆದರೆ ರೋಗ ಏರಿದೆ ಅಂದುಕೊಳ್ಳಬೇಡಿ. ಮಗುವಿಗೆ ಎಷ್ಟು ನೆರವು ಬೇಕು ಅನ್ನೋ ಲೆಕ್ಕ ಅದು, ಬೆಳೆದಂತೆ ಬದಲಾಗಬಹುದು.

ರೊಟ್ಟಿ ಸದ್ದಿನ ಸಂಗತಿ ಬರೆದದ್ದು ಒಳ್ಳೆಯದಾಯಿತು. ಅವನಿಗೆ ಕಿವಿ ಪೂರಾ ಕೇಳಲ್ಲ ಅನ್ನುವಂತಿಲ್ಲ. ಆದರೂ ಮೊದಲು ಕಿವಿ ಪರೀಕ್ಷೆ ಮಾಡಿಸಿ. ದೊಡ್ಡ ಸದ್ದು ಕೇಳಿಸಿ, ಮಾತು ಸರಿಯಾಗಿ ಕೇಳಿಸದ ಮಕ್ಕಳೂ ಇರುತ್ತಾರೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ, ಇಲ್ಲ ನಿಮ್ಮ ಕೈ ಹಿಡಿದು ಡಬ್ಬಿ ಹತ್ತಿರ ಎಳೆದೊಯ್ಯುತ್ತಾನಾ? ಗಮನಿಸಿ, ಫೋನಿನಲ್ಲಿ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ಆಟಿಸಂ ಇದೆಯೋ ಇಲ್ಲವೋ ಎಂದು ಹೇಳುವ ರಕ್ತ ಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲ. ಮಗುವನ್ನು ನೋಡಿಯೇ ಹೇಳಬೇಕು.

ಅತ್ತೆಯವರ ಮಾತಿನಲ್ಲಿ ಪ್ರೀತಿ ಇದೆ, ಆದರೆ ಕಾಯಬೇಡಿ. ಹೆಸರು ತೀರ್ಮಾನ ಆಗೋವರೆಗೂ ಕಾಯೋದು ಬೇಡ. ಮಾತಿನ ಥೆರಪಿ, ಆಟದ ಮೂಲಕ ಕಲಿಸೋದು ಬೇಗ ಶುರುವಾದಷ್ಟೂ ಮಗುವಿಗೆ ಅನುಕೂಲ. ಆಟಿಸಂ ಲಸಿಕೆಯಿಂದ ಬರುವಂಥದ್ದಲ್ಲ, ಸಾಕಣೆಯಲ್ಲಿ ಏನೋ ಕಡಿಮೆಯಾಗಿ ಬರುವಂಥದ್ದೂ ಅಲ್ಲ. ಯಾರು ಏನೇ ಅಂದರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ಯೋಜನೆ) ತಂಡಕ್ಕೆ ಮಗನನ್ನು ತೋರಿಸಿ. ಇಂಥ ಮಕ್ಕಳನ್ನು ಅವರು ಮಕ್ಕಳ ಬೆಳವಣಿಗೆಯ ತೊಂದರೆಗೆ ಬೇಗನೆ ನೆರವು ಕೊಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಕಳಿಸುತ್ತಾರೆ.

ಸರಿಯಾದ ಹೆಸರು ನಿಜವಾಗಿ ಬೇಕಾಗೋದು ಅಂಗವಿಕಲತೆಯ ಸರ್ಟಿಫಿಕೇಟಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಅದೇ ಎಂದು ಖಾತ್ರಿಯಾದರೆ, ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡು) ಅರ್ಜಿ ಹಾಕುವ ಮೊದಲು ಚೀಟಿಯಲ್ಲಿ ಪಿಡಿಡಿ ಬದಲು ಆಟಿಸಂ ಅಂತಲೇ ಬರೆಸಿಕೊಳ್ಳಿ.