ಒಂದೇ ಹೆಸರು, ಎರಡು ನಿರ್ವಾಣ

ಧಾರವಾಡದ ಓದುಗರೊಬ್ಬರ ಪತ್ರ: “ನಿರ್ವಾಣ ತಂಡ ಹುಟ್ಟಿದ್ದು 1987ರಲ್ಲಿ ಎಂದು ಕಳೆದ ಸಂಚಿಕೆಯ ಲೇಖನದಲ್ಲಿದೆ. ನನ್ನ ಮೊಬೈಲಿನಲ್ಲಿ ಅದೇ ಹೆಸರಿನ ಕೆಳಗೆ 1967ರ ಆಲ್ಬಮ್ ಸಿಕ್ಕಿತು. ಅದರಲ್ಲಿ ಗಿಟಾರಿನ ಅಬ್ಬರವಿಲ್ಲ, ಮೆದುವಾದ ಹಾಡುಗಳಿವೆ. ತಪ್ಪು ನಿಮ್ಮದೋ, ಮೊಬೈಲಿನದೋ? ಇವರಲ್ಲಿ ಅಸಲಿ ನಿರ್ವಾಣ ಯಾರು?”

ಮಾನ್ಯರೇ,

ಲೇಖನದಲ್ಲಿ ತಪ್ಪಿಲ್ಲ, ಮೊಬೈಲಿನ ತಪ್ಪು, ಇಬ್ಬರನ್ನು ಒಂದೇ ಚೀಲಕ್ಕೆ ತುಂಬಿದ್ದಷ್ಟೆ. ನೀವು ಕೇಳಿದ್ದು ಐರ್ಲೆಂಡಿನ ಪ್ಯಾಟ್ರಿಕ್ ಕ್ಯಾಂಬೆಲ್-ಲೈಯನ್ಸ್ ಮತ್ತು ಗ್ರೀಸಿನ ಅಲೆಕ್ಸ್ ಸ್ಪೈರೊಪೌಲೋಸ್ ಸೇರಿ ಲಂಡನ್ನಿನಲ್ಲಿ ಕಟ್ಟಿದ ತಂಡವನ್ನು. ನಿಮಗೆ ಸಿಕ್ಕ ಆಲ್ಬಮ್ ‘ದಿ ಸ್ಟೋರಿ ಆಫ್ ಸೈಮನ್ ಸೈಮೊಪತ್’ ಆಗಿರಬೇಕು. ರೆಕ್ಕೆಗಾಗಿ ಹಂಬಲಿಸುವ ಹುಡುಗನ ಕಥೆಯನ್ನು ಹಾಡಿನಿಂದ ಹಾಡಿಗೆ ಹೇಳಿಕೊಂಡು ಹೋಗುವ ಕೃತಿ ಅದು. ಮರುವರ್ಷ ಬಂದ ‘ರೇನ್‌ಬೋ ಚೇಸರ್’ ಹಾಡನ್ನು ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಒಂದೇ ಧ್ವನಿಯ ಎರಡು ಪ್ರತಿಗಳನ್ನು ಕೂದಲೆಳೆಯಷ್ಟು ಹಿಂದುಮುಂದಾಗಿ ಓಡಿಸಿ ಬೆರೆಸಿದಾಗ ಏಳುವ, ಗಾಳಿ ಸುಳಿ ತಿರುಗಿದಂಥ ಸದ್ದು ಅದರಲ್ಲಿ ಕೇಳಿಬರುತ್ತದೆ. ಈ ಹಾಡನ್ನು ಫ್ರಾನ್ಸಿನ ಟಿವಿಯಲ್ಲಿ ಹಾಡುತ್ತಿದ್ದಾಗ ಚಿತ್ರಕಾರ ಸಾಲ್ವಡಾರ್ ಡಾಲಿ ತಂಡದವರ ಮೇಲೆ ಕಪ್ಪು ಬಣ್ಣ ಎರಚಿದ್ದರು.

ನಮ್ಮ ಲೇಖನದ ನಿರ್ವಾಣ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅಬರ್ಡೀನ್ ಎಂಬ ಊರಿನದು. ಕರ್ಟ್ ಕೊಬೇನ್ ಮತ್ತು ಕ್ರಿಸ್ಟ್ ನೊವೊಸೆಲಿಕ್ ಕಟ್ಟಿದ್ದು. 1991ರ ‘ನೆವರ್‌ಮೈಂಡ್’ ಆಲ್ಬಮ್ಮಿನಿಂದ ಅವರ ಹೆಸರು ಲೋಕವನ್ನೆಲ್ಲ ಸುತ್ತಿದ ಮೇಲೆ ಲಂಡನ್ನಿನ ಜೋಡಿ ಅಮೆರಿಕದಲ್ಲಿ ದಾವೆ ಹೂಡಿತು. ತೀರ್ಪಿನವರೆಗೆ ಹೋಗದೆ ಎರಡೂ ಕಡೆಯವರು ನ್ಯಾಯಾಲಯದ ಹೊರಗೆ ರಾಜಿಯಾದರು, ಇಬ್ಬರಿಗೂ ಹೆಸರು ಉಳಿಯಿತು. ಹಾಗಾಗಿ ಅಸಲಿ ಯಾರೆಂಬ ನಿಮ್ಮ ಪ್ರಶ್ನೆಗೆ ಇಬ್ಬರೂ ಅಸಲಿಗಳೇ ಎಂಬುದು ನೇರ ಉತ್ತರ. ನಿಘಂಟಿನಲ್ಲಿರುವ ಪದವನ್ನು ಹೆಸರಾಗಿ ಇಟ್ಟುಕೊಂಡವರಿಗೆ ಇಂಥ ಜೊತೆಗಾರರು ಎಂದಾದರೊಂದು ದಿನ ಎದುರಾಗುವುದು ಸಹಜವೆಂದೇ ನನಗೆ ತೋರುತ್ತದೆ.

ಇಂಥ ಜಗಳಗಳಲ್ಲಿ ಸಾಮಾನ್ಯವಾಗಿ ನೋಡುವುದು ಯಾರು ಹೆಚ್ಚು ಪ್ರಸಿದ್ಧರೆಂಬುದನ್ನಲ್ಲ, ಯಾವ ದೇಶದಲ್ಲಿ ಯಾರು ಮೊದಲು ಆ ಹೆಸರನ್ನು ವ್ಯವಹಾರದಲ್ಲಿ ಬಳಸಿದರೆಂಬುದನ್ನು. ಆದ್ದರಿಂದಲೇ ಊರಿನಲ್ಲಿ ಒಂದು ಹೆಸರು, ಪರದೇಶದಲ್ಲಿ ಇನ್ನೊಂದು ಹೆಸರು ಹೊತ್ತು ತಿರುಗುವ ತಂಡಗಳಿವೆ. ಸ್ವೇಡ್ ಎಂಬ ಗಾಯಕಿ ಮೊದಲೇ ಇದ್ದುದರಿಂದ ಇಂಗ್ಲೆಂಡಿನ ಸ್ವೇಡ್ ತಂಡ ಅಮೆರಿಕದಲ್ಲಿ ‘ದಿ ಲಂಡನ್ ಸ್ವೇಡ್’ ಆಯಿತು. ಬರ್ಮಿಂಗ್‌ಹ್ಯಾಮಿನ ‘ದಿ ಬೀಟ್’ ಅಲ್ಲಿ ‘ದಿ ಇಂಗ್ಲಿಷ್ ಬೀಟ್’ ಆಯಿತು.

ಈ ನಿಯಮ ಎಲ್ಲ ಸಂದರ್ಭಗಳಲ್ಲೂ ಇಷ್ಟು ಸಲೀಸಾಗಿ ನಡೆಯುವುದಿಲ್ಲ. ಲೇಡಿ ಆಂಟೆಬೆಲಮ್ ಎಂಬ ಕಂಟ್ರಿ ಸಂಗೀತ ತಂಡ, ಆ ಪದಕ್ಕೆ ಅಂತರ್ಯುದ್ಧದ ಮೊದಲಿನ ಗುಲಾಮಗಿರಿಯ ಕಾಲದ ನೆನಪು ಅಂಟಿಕೊಂಡಿದೆಯೆಂದು 2020ರ ಜೂನ್‌ನಲ್ಲಿ ತನ್ನ ಹೆಸರನ್ನು ‘ಲೇಡಿ ಎ’ ಎಂದು ಮೊಟಕುಗೊಳಿಸಿತು. ಸಿಯಾಟಲ್‌ನ ಕಪ್ಪು ಜನಾಂಗದ ಬ್ಲೂಸ್ ಗಾಯಕಿ ಅನಿತಾ ವೈಟ್ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಅದೇ ಹೆಸರಿನಲ್ಲಿ ಹಾಡುತ್ತಿದ್ದರು. ಮಾತುಕತೆ ಮುರಿದುಬಿದ್ದ ಮೇಲೆ ಮೊದಲು ನ್ಯಾಯಾಲಯಕ್ಕೆ ಹೋದದ್ದು ತಂಡವೇ. ಬಳಿಕ ವೈಟ್ ಕೂಡ ದಾವೆ ಹೂಡಿದರು. 2022ರಲ್ಲಿ ಇದೂ ರಾಜಿಯಲ್ಲಿ ಮುಗಿಯಿತು. ಹಳೆಯ ಅನ್ಯಾಯದ ನೆರಳು ಬೇಡವೆಂದು ಹೆಸರು ಬದಲಿಸಿದವರು, ಹೊಸ ಹೆಸರಿಗಾಗಿ ಒಬ್ಬ ಕಪ್ಪು ಗಾಯಕಿಯನ್ನೇ ಪ್ರತಿವಾದಿಯಾಗಿಸಿದ್ದು ನನಗೆ ಈಗಲೂ ಸರಿಕಾಣುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಇಬ್ಬರು ಮಂಜಣ್ಣರಿದ್ದರೆ ಒಬ್ಬ ಗಿರಣಿ ಮಂಜಣ್ಣನಾಗುತ್ತಾನೆ, ಇನ್ನೊಬ್ಬ ಅಂಗಡಿ ಮಂಜಣ್ಣನಾಗುತ್ತಾನೆ. ಸಂಗೀತಗಾರರಲ್ಲೂ ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ ಎಂದು ವಾದ್ಯವೋ ಊರೋ ಹೆಸರಿನ ಮುಂದೆ ಬಂದು ಕೂತದ್ದರಿಂದ ಈ ಗೊಂದಲ ಕಡಿಮೆ. ಗಜಲ್ ಗಾಯಕ ಗುಲಾಮ್ ಅಲಿಯವರಿಗಂತೂ ಬಡೇ ಗುಲಾಮ್ ಅಲಿ ಖಾನರ ಮೇಲಿನ ಅಭಿಮಾನದಿಂದಲೇ ತಂದೆ ಆ ಹೆಸರಿಟ್ಟಿದ್ದರು. ಮುಂದೆ ಅವರಲ್ಲೇ ಶಿಷ್ಯವೃತ್ತಿಯೂ ಆಯಿತು. ಅಲ್ಲಿ ‘ಬಡೇ’ ಎಂಬ ಒಂದು ಮಾತಿನಿಂದಲೇ ಗುರುತು ಬೇರೆಯಾಗುತ್ತದೆ.

ಕಂಪ್ಯೂಟರಿಗೆ ಇಂಥ ಅಡ್ಡಹೆಸರುಗಳ ಬದಲು ಸಂಖ್ಯೆ ಬೇಕು. ಕಲಾವಿದರಿಗೂ ಲೇಖಕರಿಗೂ ಕೊಡುವ ಐಎಸ್‌ಎನ್‌ಐ ಎಂಬ 16 ಅಂಕಿಗಳ ಅಂತರರಾಷ್ಟ್ರೀಯ ಗುರುತು ಇರುವುದು ಇದಕ್ಕಾಗಿಯೇ. ಮ್ಯೂಸಿಕ್‌ಬ್ರೈನ್ಸ್ ದತ್ತಕೋಶದಲ್ಲಿ ಪ್ರತಿ ಕಲಾವಿದರಿಗೂ ಪ್ರತ್ಯೇಕ ಗುರುತುಸಂಖ್ಯೆಯಿದ್ದು, ಸಮಾನ ಹೆಸರಿನವರ ಪಕ್ಕದಲ್ಲಿ ‘ಅರವತ್ತರ ದಶಕದ ಬ್ರಿಟಿಷ್ ತಂಡ’ ಎಂಬಂಥ ಚಿಕ್ಕ ವಿವರಣೆ ಬರೆಯುವ ಪದ್ಧತಿಯಿದೆ. ಆಲ್ಬಮ್ ಸೇರಿಸುವವರು ಸಂಖ್ಯೆ ನೋಡದೆ ಹೆಸರನ್ನಷ್ಟೇ ಹೊಂದಿಸಿದರೆ ನಿಮ್ಮ ಮೊಬೈಲಿನಲ್ಲಿ ಆದಂತೆ ಇಬ್ಬರೂ ಒಂದೇ ಪುಟಕ್ಕೆ ಬಂದು ಬೀಳುತ್ತಾರೆ. ನಾವೂ ಲೇಖನದಲ್ಲಿ ‘ಅಮೆರಿಕದ ನಿರ್ವಾಣ’ ಎಂದು ಒಮ್ಮೆ ಬರೆದಿದ್ದರೆ ನಿಮಗೆ ಈ ಪತ್ರದ ಶ್ರಮ ತಪ್ಪುತ್ತಿತ್ತು.

ಹುಡುಕಾಟ ಮುಂದುವರಿಸುವಿರಾದರೆ ಒಂದು ಎಚ್ಚರಿಕೆ. ಕೊಬೇನ್ ಬರೆದ ‘ಲಿಥಿಯಂ’ ಹಾಡು 1996ರ ‘ಆರೆಂಜ್ ಆ್ಯಂಡ್ ಬ್ಲೂ’ ಎಂಬ ಆಲ್ಬಮ್ಮಿನಲ್ಲೂ ನಿಮಗೆ ಸಿಗಬಹುದು. ಅದನ್ನು ಮೊಬೈಲಿನ ತಪ್ಪೆಂದು ತಿಳಿಯಬೇಡಿ: ರಾಜಿಯಾದ ಮೇಲೆ ಲಂಡನ್ನಿನ ನಿರ್ವಾಣವೇ ಅದನ್ನು ತನ್ನ ಧಾಟಿಯಲ್ಲಿ ಹಾಡಿದೆ.

— ಸಂಪಾದಕ